ಜಗಳವೇ ಆಡದೆ ದೂರವಾದವರು

ಅರಸಾಳು ರೈಲ್ವೆ ಸ್ಟೇಷನ್ ನೋಡಿದ್ದೀರಾ? ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವಾಗ ಕುಂಸಿ ದಾಟಿದ ಮೇಲೆ ಸಿಗುತ್ತದೆ. ಕಾಡಿನ ಮಧ್ಯೆ ಇರುವ ಪುಟ್ಟ ಸ್ಟೇಷನ್. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆಯುವಾಗ ಆಗುಂಬೆ ಮಾಲ್ಗುಡಿ ಊರಾಯಿತು, ಅರಸಾಳು ಮಾಲ್ಗುಡಿ ಸ್ಟೇಷನ್ ಆಯಿತು. ಈಗ ಅಲ್ಲಿನ ಹಳೇ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ.

ನನಗೆ ಆ ಸ್ಟೇಷನ್ ಕಂಡಾಗಲೆಲ್ಲ ನೆನಪಾಗುವುದು ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಕೊನೆ. 1935ರ ಪುಸ್ತಕ. ಸ್ವಾಮಿಯ ಗೆಳೆಯ ರಾಜಂನ ಅಪ್ಪನಿಗೆ ವರ್ಗ ಆಗಿದೆ. ಕ್ರಿಕೆಟ್ ಮ್ಯಾಚಿಗೆ ಬರಲಿಲ್ಲ ಅಂತ ರಾಜಂ ಆಗಲೇ ಸ್ವಾಮಿಯ ಜೊತೆ ಮಾತು ಬಿಟ್ಟಿದ್ದಾನೆ. ಸ್ವಾಮಿ ಬೆಳಗಿನ ಜಾವ ಸ್ಟೇಷನ್ನಿಗೆ ಬರುತ್ತಾನೆ, ಕೈಯಲ್ಲಿ ಗೆಳೆಯನಿಗೆ ಕೊಡಲು ಒಂದು ಕಥೆ ಪುಸ್ತಕ. ರೈಲು ಹೊರಟೇಬಿಡುತ್ತದೆ. ಪುಸ್ತಕ ಹೇಗೋ ರಾಜಂ ಕೈ ಸೇರುತ್ತದೆ. ಅವನು ಏನೋ ಹೇಳುತ್ತಾನೆ, ಸದ್ದಿನಲ್ಲಿ ಕೇಳಿಸುವುದಿಲ್ಲ. ಕಾಗದ ಬರೀತಾನಂತಾ ಅಂತ ಸ್ವಾಮಿ ಪಕ್ಕದಲ್ಲಿದ್ದ ಇನ್ನೊಬ್ಬ ಗೆಳೆಯ ಮಣಿಯನ್ನು ಕೇಳುತ್ತಾನೆ. ಬರೀತಾನಂತೆ ಅನ್ನುತ್ತಾನೆ ಮಣಿ. ನಿಜ ಹೇಳುತ್ತಿದ್ದಾನಾ ಅಂತ ಸ್ವಾಮಿ ಮಣಿಯ ಮುಖ ನೋಡುತ್ತಾನೆ. ಗೊತ್ತಾಗುವುದಿಲ್ಲ. ಕಥೆ ಅಲ್ಲಿಗೆ ಮುಗಿಯುತ್ತದೆ.

ಇವರಿನ್ನೂ ಚಿಕ್ಕ ಹುಡುಗರು. ಆದರೆ ಹೈಸ್ಕೂಲು ಮುಗಿಸಿದ ಗೆಳೆಯರ ಬಗ್ಗೆ ಬರುವ ಸಿನಿಮಾಗಳ ಗಂಟು ಇಲ್ಲೇ ಇದೆ. ‘ಕಮಿಂಗ್ ಆಫ್ ಏಜ್’ ಸಿನಿಮಾ ಅಂತ ಕರೆಯುತ್ತಾರಲ್ಲ, ಹುಡುಗತನ ದಾಟಿ ದೊಡ್ಡವರಾಗುವ ಕಥೆಗಳು. ಅವುಗಳಲ್ಲಿ ಪ್ರೀತಿಯ ಕಥೆ ತೆಗೆಯುವುದು ಸುಲಭ, ಪರೀಕ್ಷೆಯ ಕಥೆಯೂ ಸುಲಭ. ಸ್ನೇಹ ಸಡಿಲವಾಗುವ ಕಥೆ ತುಂಬಾ ಕಷ್ಟ. ಯಾಕೆ ಕಷ್ಟ ಅನ್ನುವುದು ಅರ್ಥವಾಗಬೇಕಾದರೆ ಮೊದಲು ಸ್ನೇಹ ಯಾಕೆ ಸಡಿಲವಾಗುತ್ತದೆ ಅಂತ ನೋಡಬೇಕು.

ನಾವು ಮೂವರು ಹುಡುಗಿಯರು. ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲು. ಬೆಳಿಗ್ಗೆ ಒಂದೇ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು, ಸಂಜೆ ಒಂದೇ ಬಸ್ಸಿಳಿದು ಮೂರು ದಾರಿ ಹಿಡಿಯುತ್ತಿದ್ದೆವು. ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಸೈನ್ಸ್ ಅಂತ ಶಿವಮೊಗ್ಗದ ಹಾಸ್ಟೆಲ್ ಸೇರಿದೆ. ಒಬ್ಬಳು ತೀರ್ಥಹಳ್ಳಿಯಲ್ಲೇ ಕಾಮರ್ಸ್ ತಗೊಂಡಳು. ಇನ್ನೊಬ್ಬಳನ್ನು ಮನೆಯಲ್ಲಿ ಮುಂದೆ ಕಳಿಸಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ನಮ್ಮ ಮಧ್ಯೆ ಹೇಳಿಕೊಳ್ಳೋಕೆ ಮಾತೇ ಇರಲಿಲ್ಲ. ‘ಜಗಳ ಮಾಡಿಕೊಂಡ್ರೇನೇ?’ ಅಂತ ಅಮ್ಮ ಎರಡು ಮೂರು ಸಲ ಕೇಳಿದ್ದರು. ಜಗಳ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ರಾಜಿ ಮಾಡಿಕೊಳ್ಳಬಹುದಿತ್ತು. ಏನೂ ಆಗಿರಲಿಲ್ಲ.

ಈ ‘ಏನೂ ಆಗಿರಲಿಲ್ಲ’ ಅನ್ನುವುದಕ್ಕೆ ಒಂದು ಲೆಕ್ಕ ಇದೆ ಅಂತ ನನಗೆ ಗೊತ್ತಾಗಿದ್ದು ಬಹಳ ಆಮೇಲೆ.

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮ್ನೆ ಮುಖ ಪರಿಚಯ ಇದ್ದವರು ಸಾಧಾರಣ ಗೆಳೆಯರಾಗೋಕೆ ಸುಮಾರು 50 ಗಂಟೆ ಜೊತೆಗಿರಬೇಕು. ಗೆಳೆಯರು ಅಂತ ಧೈರ್ಯವಾಗಿ ಹೇಳೋಕೆ ಸುಮಾರು 90 ಗಂಟೆ. ಆಪ್ತರಾಗೋಕೆ 200 ಗಂಟೆಗೂ ಜಾಸ್ತಿ. ಅದರಲ್ಲೂ ಕೆಲಸ ಅಥವಾ ಪಾಠದ ಕಾರಣಕ್ಕೆ ಅಕ್ಕಪಕ್ಕ ಕೂತ ಗಂಟೆಗಳಿಗೆ ಅಷ್ಟು ಬಲ ಇಲ್ಲ. ಬಿಡುವಿನಲ್ಲಿ ಹರಟುತ್ತಾ, ನಗುತ್ತಾ ಕಳೆದ ಗಂಟೆಗಳಿಗೆ ಬಲ ಜಾಸ್ತಿ.

ಇದನ್ನು ನಮ್ಮ ಬಸ್ ಸ್ಟಾಪಿಗೆ ಹಚ್ಚಿ ನೋಡಿ. ಮಲೆನಾಡಿನಲ್ಲಿ ಬಸ್ಸು ಅಂದರೆ ಕಾಯುವುದು. ಕಾಯುವುದು, ಪ್ರಯಾಣ ಎಲ್ಲ ಸೇರಿ ದಿನಕ್ಕೆ ಒಂದು ಗಂಟೆ ಅಂತ ಹಿಡಿಯಿರಿ. ವರ್ಷಕ್ಕೆ ಇನ್ನೂರು ದಿನ ಶಾಲೆ. ಅಂದರೆ ವರ್ಷಕ್ಕೆ 200 ಗಂಟೆ, ಮೂರು ವರ್ಷಕ್ಕೆ 600. ಕ್ಲಾಸಿನ ಹೊತ್ತು ಇದರಲ್ಲಿ ಸೇರಿಲ್ಲ. ನಾವು ಯಾರೂ ಸ್ನೇಹ ‘ಮಾಡಲಿಲ್ಲ’. ಬಸ್ಸು ತಡವಾಗಿ ಬಂದಿದ್ದೇ ಮಾಡಿಸಿತು.

ಎಸ್ಸೆಸ್ಸೆಲ್ಸಿ ಆದ ಮೇಲೆ? ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ, ದೀಪಾವಳಿಗೆ ಒಂದು ಮಧ್ಯಾಹ್ನ. ಒಂದೊಂದಕ್ಕೆ ನಾಲ್ಕು ಗಂಟೆ ಅಂದರೂ ವರ್ಷಕ್ಕೆ ಎಂಟು ಗಂಟೆ. ಮೊದಲು ಒಂದೇ ವರ್ಷದಲ್ಲಿ ಸಿಗುತ್ತಿದ್ದ ಇನ್ನೂರು ಗಂಟೆ ಈಗ ಕೂಡಿಬರೋಕೆ 25 ವರ್ಷ ಬೇಕು. ಇದರಲ್ಲಿ ಯಾರ ತಪ್ಪಿದೆ ಹೇಳಿ?

ಹತ್ತಿರ ಇರುವುದಕ್ಕೆ ಎಷ್ಟು ಶಕ್ತಿ ಇದೆ ಅನ್ನುವುದನ್ನು ಇನ್ನೂ ಹಿಂದೆಯೇ ತೋರಿಸಿದ್ದರು. ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳ ವಸತಿಯಲ್ಲಿ ವಿಚಾರಿಸಿ 1950ರಲ್ಲಿ ಪುಸ್ತಕ ತಂದರು. ಪಕ್ಕದ ಬಾಗಿಲಿನವರನ್ನು ಗೆಳೆಯರು ಅಂದವರು ನೂರಕ್ಕೆ 41. ಅದೇ ಮಹಡಿಯ ಇನ್ನೊಂದು ತುದಿಯವರನ್ನು ಹಾಗೆ ಅಂದವರು ನೂರಕ್ಕೆ 10 ಮಾತ್ರ. ಒಂದೇ ಕಟ್ಟಡ, ಕೆಲವೇ ಹೆಜ್ಜೆ ದೂರ. ಹಾಗಿರುವಾಗ ಶಿವಮೊಗ್ಗಕ್ಕೂ ತೀರ್ಥಹಳ್ಳಿಗೂ ಮಧ್ಯೆ ಇರುವ ಅರವತ್ತು ಚಿಲ್ಲರೆ ಕಿಲೋಮೀಟರ್ ಏನೇನು ಮಾಡಬಹುದು ಅಂತ ಯೋಚಿಸಿ.

ಖಾಲಿಯಾದ ಜಾಗ ಏನಾಗುತ್ತದೆ? ಇದಕ್ಕೂ ಒಂದು ಉತ್ತರ ಇದೆ, ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ಉತ್ತರ ಅದೇ. ಬ್ರಿಟನ್ನಿನಲ್ಲಿ ಶಾಲೆ ಮುಗಿಸಿ ಕಾಲೇಜಿಗೋ ಕೆಲಸಕ್ಕೋ ಹೊರಟ 24 ವಿದ್ಯಾರ್ಥಿಗಳ ಫೋನ್ ಕರೆಗಳನ್ನು 18 ತಿಂಗಳು ನೋಡಿದ ಅಧ್ಯಯನ ಅದು. ಯಾರಿ ಸರಮಾಕಿ, ರಾಬಿನ್ ಡನ್‌ಬಾರ್ ಮುಂತಾದವರು ಸೇರಿ ಮಾಡಿದ್ದು, 2014ರಲ್ಲಿ ಬಂತು. ಒಬ್ಬೊಬ್ಬರೂ ತಮ್ಮ ಸಮಯವನ್ನು ಹಂಚುವುದಕ್ಕೆ ಅವರದೇ ಒಂದು ರೀತಿ ಇರುತ್ತದೆ. ಒಬ್ಬರು ಮೊದಲನೇ ಆಪ್ತರಿಗೇ ಬಹುಪಾಲು ಕೊಡುತ್ತಾರೆ, ಇನ್ನೊಬ್ಬರು ಐದಾರು ಜನಕ್ಕೆ ಹಂಚುತ್ತಾರೆ. ಹದಿನೆಂಟು ತಿಂಗಳಲ್ಲಿ ಗೆಳೆಯರು ಬದಲಾದರು. ಹಂಚುವ ರೀತಿ ಹಾಗೇ ಉಳಿಯಿತು. ಮೊದಲನೇ ಸೀಟು ಮೊದಲನೇ ಸೀಟೇ. ಅದರಲ್ಲಿ ಈಗ ಬೇರೆಯವರು ಕೂತಿದ್ದಾರೆ, ಅಷ್ಟೇ.

ನನ್ನ ಹಾಸ್ಟೆಲ್ ರೂಮಿನ ಗೆಳತಿ ಆ ಸೀಟಿನಲ್ಲಿ ಯಾವಾಗ ಬಂದು ಕೂತಳು ಅಂತ ನನಗೇ ಗೊತ್ತಾಗಲಿಲ್ಲ. ಊರಲ್ಲಿದ್ದ ಇಬ್ಬರಿಗೆ ಗೊತ್ತಾಗಿತ್ತು. ನಾನು ಪ್ರತಿ ಮಾತಿಗೂ ಅವಳ ಹೆಸರು ತೆಗೆಯುತ್ತಿದ್ದೆನಂತೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹೊರಗಿನ ಸಿನಿಮಾ ನೋಡುವಾಗ ನಾವು ಇದನ್ನು ಮರೆತುಬಿಡುತ್ತೇವೆ. ಅಮೆರಿಕದಲ್ಲಿ ಹೈಸ್ಕೂಲು ಮುಗಿಯುವುದು ಸುಮಾರು ಹದಿನೆಂಟಕ್ಕೆ. ಅಲ್ಲಿನ ಹುಡುಗರು ಅಷ್ಟು ಹೊತ್ತಿಗೆ ಕಾರು ಓಡಿಸುತ್ತಿರುತ್ತಾರೆ, ಎಲ್ಲಿಗೆ ಹೋಗಬೇಕು ಅಂತ ಸ್ವಲ್ಪವಾದರೂ ಅವರೇ ಆರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಹೈಸ್ಕೂಲು ಮುಗಿಯುವುದು ಹದಿನೈದು ಹದಿನಾರಕ್ಕೆ. ಆಮೇಲೆ ಎರಡು ವರ್ಷ ಪಿಯುಸಿ, ಅದಾದ ಮೇಲೆ ಸಿಇಟಿ, ಆಗ ಇನ್ನೊಂದು ಸಲ ಚದುರುವುದು. ಅಂದರೆ ನಮ್ಮ ಮಕ್ಕಳು ಎರಡೆರಡು ಸಲ ಬೇರೆಯಾಗುತ್ತಾರೆ. ಮೊದಲನೇ ಸಲ ಬೇರೆಯಾಗುವಾಗ ನಿರ್ಧಾರ ಅವರದಲ್ಲವೇ ಅಲ್ಲ. ಮಾರ್ಕ್ಸು, ಅಪ್ಪ, ದುಡ್ಡು ಈ ಮೂರೂ ಸೇರಿ ತೀರ್ಮಾನ ಮಾಡುತ್ತವೆ. ಸೈನ್ಸ್, ಕಾಮರ್ಸ್, ಆರ್ಟ್ಸ್, ಐಟಿಐ, ಡಿಪ್ಲೊಮಾ. ಅನುಕೂಲ ಇದ್ದವರು ಘಟ್ಟ ಇಳಿದು ಕರಾವಳಿಯ ವಸತಿ ಕಾಲೇಜಿಗೆ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಪದರ ಇದೆ. ತೋಟ ಇರುವವರ ಮಗ, ಅದೇ ತೋಟಕ್ಕೆ ಕೆಲಸಕ್ಕೆ ಬರುವವರ ಮಗ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಸರ್ಕಾರಿ ಶಾಲೆ ಆ ವ್ಯತ್ಯಾಸವನ್ನು ಮೂರು ವರ್ಷ ಮುಚ್ಚಿಡುತ್ತದೆ. ಒಂದೇ ಯೂನಿಫಾರ್ಮ್, ಒಂದೇ ಬಿಸಿಯೂಟ. 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡೋಕೆ ಶುರುಮಾಡಿದ ಮೇಲೆ, ಅದು ನಡೆದಷ್ಟು ವರ್ಷ, ಸೈಕಲ್ಲೂ ಒಂದೇ ಥರದ್ದಾಗಿತ್ತು. ನಮ್ಮ ಏರು ದಾರಿಯಲ್ಲಿ ಅದನ್ನು ತಳ್ಳಿಕೊಂಡೇ ಹೋಗಬೇಕಿತ್ತು, ತಳ್ಳುವಾಗಲೇ ಮಾತು ಜಾಸ್ತಿ. ರಿಸಲ್ಟ್ ಬಂದ ದಿನ ಆ ಮುಸುಕು ತೆಗೆದ ಹಾಗಾಗುತ್ತದೆ. ಒಬ್ಬ ಕಾಲೇಜಿನ ಅರ್ಜಿ ತುಂಬುತ್ತಾನೆ. ಇನ್ನೊಬ್ಬ ಮುಂದಿನ ವಾರದಿಂದ ಅಪ್ಪನ ಜೊತೆ ಅದೇ ತೋಟಕ್ಕೆ ಬರುತ್ತಾನೆ. ಇಬ್ಬರೂ ಎದುರುಬದುರಾದಾಗ ಏನಂತ ಕರೆಯಬೇಕು? ನಿನ್ನೆವರೆಗೆ ‘ಏನೋ’ ಅಂತಿದ್ದವನು ಇವತ್ತು ಮನೆಯವರ ಮುಂದೆ ‘ಬನ್ನಿ’ ಅನ್ನಬೇಕಾ? ಇದನ್ನು ತೋರಿಸುವ ಸಿನಿಮಾ ಬಂದರೆ ನಾನು ಮೊದಲನೇ ದಿನವೇ ಹೋಗಿ ನೋಡುತ್ತೇನೆ.

ಈಗ ಸಿನಿಮಾದ ಕಷ್ಟಕ್ಕೆ ಬರೋಣ. ಸಿನಿಮಾಕ್ಕೆ ಏನಾದರೂ ಆಗಬೇಕು. ಸ್ನೇಹ ಸಡಿಲವಾಗುವಾಗ ಏನೂ ಆಗುವುದಿಲ್ಲ. ಆಗುವುದೆಲ್ಲ ಆಗದೇ ಇರುವ ಸಂಗತಿಗಳೇ: ಬರೆಯದ ಕಾಗದ, ಮಾಡದ ಫೋನು, ಹೋಗದ ಮದುವೆ. ಇಲ್ಲದ್ದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ? ಕೆಲಸ ತಿಳಿಯದವರು ಮಧ್ಯದಲ್ಲಿ ಒಂದು ಜಗಳ ತುರುಕುತ್ತಾರೆ, ಇಲ್ಲವೇ ಒಬ್ಬನನ್ನು ಸಾಯಿಸುತ್ತಾರೆ. ಆಗ ಕಣ್ಣೀರು ಬರುತ್ತದೆ, ಆದರೆ ಅದು ನಮ್ಮ ಕಥೆ ಅನ್ನಿಸುವುದಿಲ್ಲ.

ಜಾರ್ಜ್ ಲೂಕಾಸ್ 1973ರ ‘ಅಮೆರಿಕನ್ ಗ್ರಾಫಿಟಿ’ಯಲ್ಲಿ ಮಾಡಿದ್ದು ಬೇರೆ. ವರ್ಷಗಟ್ಟಲೆ ನಡೆಯುವುದನ್ನು ಒಂದೇ ರಾತ್ರಿಗೆ ತಂದು ನಿಲ್ಲಿಸಿದರು. 1962ರ ಬೇಸಿಗೆ ಮುಗಿಯುವ ಹೊತ್ತು, ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಅನ್ನುವ ಊರು. ಬೆಳಿಗ್ಗೆ ಇಬ್ಬರು ಹುಡುಗರು ಕಾಲೇಜಿಗೆ ಹೊರಡಬೇಕು. ರಾತ್ರಿಯಿಡೀ ಕಾರಿನಲ್ಲಿ ಸುತ್ತುತ್ತಾರೆ, ಎಲ್ಲ ಕಾರಿನ ರೇಡಿಯೋದಲ್ಲೂ ಹಾಡು. ಹೊರಡಲೋ ಬೇಡವೋ ಅಂತಿದ್ದವನು ಬೆಳಿಗ್ಗೆ ವಿಮಾನ ಹತ್ತುತ್ತಾನೆ. ಹೋಗಲೇಬೇಕು ಅಂತಿದ್ದವನು ಊರಲ್ಲೇ ಉಳಿಯುತ್ತಾನೆ. ಇಡೀ ಸಿನಿಮಾದಲ್ಲಿ ಯಾರೂ ಸ್ನೇಹ ಮುಗಿಯಿತು ಅಂತ ಹೇಳುವುದಿಲ್ಲ. ಕೊನೆಯಲ್ಲಿ ನಾಲ್ವರು ಹುಡುಗರು ಮುಂದೆ ಏನಾದರು ಅಂತ ನಾಲ್ಕು ಸಾಲು ತೆರೆಯ ಮೇಲೆ ಬರುತ್ತದೆ. ಒಬ್ಬ ಅಪಘಾತದಲ್ಲಿ ಸತ್ತ, ಒಬ್ಬ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ. ಆ ರಾತ್ರಿ ನಕ್ಕವರಿಗೆ ಇದು ಗೊತ್ತಿರಲಿಲ್ಲ, ನೋಡುತ್ತಿರುವ ನಮಗೆ ಗೊತ್ತಾಯಿತು.

ಆದರೆ ಆ ಸಾಲುಗಳಲ್ಲಿ ಹುಡುಗಿಯರ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಇದು ಸಣ್ಣ ಕೊರತೆ ಅಂತ ಅನ್ನಿಸುವುದಿಲ್ಲ. ಹುಡುಗಿಯರ ಸ್ನೇಹ ಕಡಿದು ಹೋಗುವ ರೀತಿಯೇ ಬೇರೆ. ನಮ್ಮೂರ ಹುಡುಗರಿಗೆ ಶಾಲೆ ಮುಗಿದರೂ ಗಣಪತಿ ಪೆಂಡಾಲ್ ಇತ್ತು, ಕ್ರಿಕೆಟ್ ಇತ್ತು, ಪೇಟೆಯ ಹೋಟೆಲ್ ಇತ್ತು. ಹುಡುಗಿಗೆ ಗೆಳತಿಯನ್ನು ನೋಡೋಕೆ ಒಂದು ಕಾರಣ ಬೇಕು. ಶಾಲೆಯೇ ಆ ಕಾರಣವಾಗಿತ್ತು. ಶಾಲೆ ಹೋಯಿತು, ಕಾರಣ ಹೋಯಿತು. ಮನೆಯಲ್ಲಿ ಒಂದೇ ಫೋನು, ಮಳೆಗಾಲದಲ್ಲಿ ಅದೂ ಸತ್ತಿರುತ್ತಿತ್ತು. ‘ಎಂತಕ್ಕೆ ಹೋಗ್ತೀಯ ಅಲ್ಲಿಗೆ?’ ಅಂತ ಕೇಳಿದರೆ ಉತ್ತರ ಇರಲಿಲ್ಲ. ಸುಮ್ನೆ ಹೋಗುವುದು ಅನ್ನುವುದು ಹುಡುಗಿಯರಿಗೆ ಉತ್ತರವಾಗಿರಲಿಲ್ಲ. ಜೆಫ್ರಿ ಹಾಲ್ ಹೇಳಿದ ಬಲವಾದ ಗಂಟೆಗಳೆಲ್ಲ ಹಾಗೆ ಸುಮ್ನೆ ಕಳೆದ ಗಂಟೆಗಳೇ ಅಲ್ವಾ?

ಹುಡುಗಿಯರ ಕಥೆಯನ್ನೇ ಹಿಡಿದ ಸಿನಿಮಾ ಅಂದರೆ 2001ರ ‘ಘೋಸ್ಟ್ ವರ್ಲ್ಡ್’. ಟೆರ್ರಿ ಜ್ವಿಗಾಫ್ ನಿರ್ದೇಶನ. ಈನಿಡ್, ರೆಬೆಕ್ಕಾ ಇಬ್ಬರೂ ಹೈಸ್ಕೂಲು ಮುಗಿಸುತ್ತಾರೆ. ಒಂದು ಮನೆ ಬಾಡಿಗೆಗೆ ಹಿಡಿದು ಜೊತೆಗಿರಬೇಕು ಅನ್ನುವುದು ಅವರ ಆಸೆ. ಇಲ್ಲಿ ಕಾಲವನ್ನು ಕುಗ್ಗಿಸಿಲ್ಲ. ಆ ಬಾಡಿಗೆ ಮನೆಯೇ ಅಳತೆ ಕೋಲು. ರೆಬೆಕ್ಕಾ ಕೆಲಸಕ್ಕೆ ಸೇರುತ್ತಾಳೆ, ಮನೆ ಹುಡುಕುತ್ತಾಳೆ. ಈನಿಡ್ ಮುಂದೂಡುತ್ತಾಳೆ, ಬೇರೆ ಒಬ್ಬ ದೊಡ್ಡ ವಯಸ್ಸಿನವನ ಸ್ನೇಹದಲ್ಲಿ ಮುಳುಗುತ್ತಾಳೆ. ಮನೆಯ ಮಾತು ಬಂದಾಗಲೆಲ್ಲ ಇಬ್ಬರ ಮಧ್ಯದ ದೂರ ಎಷ್ಟಾಯಿತು ಅಂತ ನಮಗೆ ಕಾಣುತ್ತದೆ. ಒಬ್ಬಳಿಗೆ ಬೇಗ ದೊಡ್ಡವಳಾಗಬೇಕು, ಇನ್ನೊಬ್ಬಳಿಗೆ ಇನ್ನೂ ಆಗಿಲ್ಲ. ಇಬ್ಬರೂ ಸರಿಯೇ. ಕೊನೆಗೆ ಈನಿಡ್ ಓಡಾಟ ನಿಂತುಹೋದ ಮಾರ್ಗದ ಬಸ್ ಸ್ಟಾಪಿನಲ್ಲಿ ಕೂರುತ್ತಾಳೆ. ಬಸ್ಸು ಬರುತ್ತದೆ. ಒಬ್ಬಳೇ ಹತ್ತಿ ಹೋಗುತ್ತಾಳೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ನಮ್ಮ ಸ್ಟಾಪೇ ಕಣ್ಣಿಗೆ ಬಂತು.

ನಮ್ಮವರೇ ಆದ ಗಿರೀಶ್ ಕಾಸರವಳ್ಳಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು, ಇನ್ನೊಂದು ದಾರಿ ತೋರಿಸಿದ್ದಾರೆ. ಯು.ಆರ್. ಅನಂತಮೂರ್ತಿ ಅವರ ಕಥೆ ಆಧರಿಸಿದ ‘ಘಟಶ್ರಾದ್ಧ’, 1977ರದ್ದು, ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರೀಯ ಪ್ರಶಸ್ತಿಯ ಸ್ವರ್ಣ ಕಮಲ ಪಡೆದ ಚಿತ್ರ. ಅದು ಹೈಸ್ಕೂಲಿನ ಕಥೆ ಅಲ್ಲ. ವೇದ ಕಲಿಯಲು ಬಂದ ನಾಣಿ ಅನ್ನುವ ಪುಟ್ಟ ಹುಡುಗ, ಅವನನ್ನು ಅಕ್ಕರೆಯಿಂದ ಕಾಣುವ ಯಮುನಕ್ಕ ಅನ್ನುವ ವಿಧವೆ. ಊರು ಅವಳನ್ನು ಹೊರಗೆ ಹಾಕುತ್ತದೆ. ಎಲ್ಲವನ್ನೂ ನಾವು ಹುಡುಗನ ಕಣ್ಣಿಂದ ನೋಡುತ್ತೇವೆ. ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ಅವನ ಕೈಯಲ್ಲಿ ಏನೂ ಇಲ್ಲ. ದೊಡ್ಡವರಾಗುವುದು ಅಂದರೆ ಏನೋ ಗೆಲ್ಲುವುದು ಅಂತ ಎಷ್ಟೋ ಸಿನಿಮಾ ಹೇಳುತ್ತವೆ. ಇಲ್ಲಿ ಹಾಗಲ್ಲ. ಬೇಕಾದವರನ್ನು ಬಿಟ್ಟು ಹೋಗುತ್ತಿದ್ದೇನೆ ಅನ್ನುವುದು ಗೊತ್ತಾಗುತ್ತದೆ, ಗೊತ್ತಾದರೂ ಹೋಗಬೇಕಾಗುತ್ತದೆ. ಮಕ್ಕಳ ಕೈಯಲ್ಲಿ ನಿರ್ಧಾರ ಇಲ್ಲದ ನಮ್ಮ ಊರುಗಳಿಗೆ ಈ ನೋಟವೇ ಸರಿಯಾಗಿ ಹೊಂದುತ್ತದೆ ಅಂತ ನನ್ನ ನಂಬಿಕೆ.

ಮಲೆನಾಡಿನಲ್ಲಿ ಇಂಥ ಸಿನಿಮಾ ತೆಗೆಯುವವರಿಗೆ ಕಾಲವನ್ನು ತೋರಿಸೋಕೆ ಒಂದು ರಾತ್ರಿಯೂ ಬೇಡ, ಬಾಡಿಗೆ ಮನೆಯೂ ಬೇಡ. ಮಳೆ ಇದೆ. ಪರೀಕ್ಷೆ ಮುಗಿಯುವಾಗ ಬಿಸಿಲು. ಸೆಂಡ್ ಆಫ್ ದಿನ ಆಟೋಗ್ರಾಫ್ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ‘ಮರೀಬೇಡ’ ಅಂತ ಬರೆಯುತ್ತಾರೆ. ಏಪ್ರಿಲ್, ಮೇ ಎರಡು ತಿಂಗಳು ಯಾರೂ ಎಲ್ಲಿಯವರೂ ಅಲ್ಲ. ಹೊಳೆಯಲ್ಲಿ ನೀರು ಕಡಿಮೆ, ಬಂಡೆ ಮೇಲೆ ಕೂರಬಹುದು, ಮಾವಿನಕಾಯಿಗೆ ಉಪ್ಪು ಖಾರ. ಜೂನ್ ಬಂತು ಅಂದರೆ ಮಳೆ ಹಿಡಿಯುತ್ತದೆ, ಅದೇ ವಾರಗಳಲ್ಲಿ ಕಾಲೇಜು ಶುರು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಬಂಡೆ ಮುಳುಗುತ್ತದೆ. ಕಾಲುಸಂಕ ದಾಟಿ ಇನ್ನೊಬ್ಬರ ಮನೆಗೆ ಹೋಗುವ ದಾರಿಯೇ ಮುಚ್ಚುತ್ತದೆ. ಮಳೆ ಬಿಡುವ ಹೊತ್ತಿಗೆ ದಸರಾ ಬಂದಿರುತ್ತದೆ. ನಾಲ್ಕು ತಿಂಗಳು ಯಾರಿಗೂ ಯಾರೂ ಸಿಕ್ಕಿಲ್ಲ, ಮೊದಲನೇ ಸೀಟಿನಲ್ಲಿ ಬೇರೆಯವರು ಕೂತಾಗಿದೆ. ಇದಕ್ಕೆ ಸಂಭಾಷಣೆ ಬೇಕಾ? ಒಂದೇ ಬಂಡೆಯನ್ನು ಮೇ ತಿಂಗಳಲ್ಲಿ, ಜುಲೈನಲ್ಲಿ, ಅಕ್ಟೋಬರಿನಲ್ಲಿ ತೋರಿಸಿದರೆ ಸಾಕು.

ಹಾಗಾದರೆ ಏನೂ ಉಳಿಯುವುದಿಲ್ಲವಾ? ಉಳಿಯುತ್ತದೆ, ಆದರೆ ತಾನಾಗಿಯೇ ಅಲ್ಲ. ಸ್ಯಾಮ್ ರಾಬರ್ಟ್ಸ್ ಮತ್ತು ಡನ್‌ಬಾರ್ ಶಾಲೆ ಬಿಟ್ಟ ಹುಡುಗ ಹುಡುಗಿಯರನ್ನು ಒಂದೂವರೆ ವರ್ಷ ಗಮನಿಸಿ ಹೇಳಿದ್ದು ಇದು: ಮನೆಯವರ ಜೊತೆಗಿನ ನಂಟು ದೂರವಾದರೂ ಅಷ್ಟಾಗಿ ಕುಗ್ಗುವುದಿಲ್ಲ, ಸ್ನೇಹ ಕುಗ್ಗುತ್ತದೆ. ಹುಡುಗಿಯರ ಸ್ನೇಹ ತಡೆದುಕೊಂಡಿದ್ದು ಹೆಚ್ಚಾಗಿ ಮಾತಿನಿಂದ. ಹುಡುಗರದ್ದು ಜೊತೆಗೂಡಿ ಏನಾದರೂ ಮಾಡುವುದರಿಂದ.

ನಮ್ಮ ಬ್ಯಾಚಿಗೂ ಈಗ ವಾಟ್ಸಾಪ್ ಗ್ರೂಪ್ ಇದೆ. ಹಬ್ಬಕ್ಕೆ ಶುಭಾಶಯ ಬರುತ್ತದೆ. ಅದರಿಂದ ನಾವು ಮೂವರು ಹತ್ತಿರವಾಗಲಿಲ್ಲ. ಮುಂದೆ ಓದಲು ಕಳಿಸದೇ ಇದ್ದ ಆ ಗೆಳತಿ ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಫೋನ್ ಮಾಡಿದಳು. ‘ಸುಲಿಯೋಕೆ ಜನ ಸಿಕ್ತಿಲ್ಲ ಮಾರಾಯ್ತಿ, ಊರಿಗೆ ಬಂದ್ರೆ ಒಂದು ದಿನ ಬಾರೇ’ ಅಂದಳು. ಇಷ್ಟು ವರ್ಷದ ಮೇಲೆ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಹೋದೆ. ಜಗಲಿಯಲ್ಲಿ ಅಡಿಕೆ ರಾಶಿ, ಸುತ್ತ ಏಳೆಂಟು ಜನ, ಒಬ್ಬೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ. ನನ್ನ ಕೈ ಅಭ್ಯಾಸ ತಪ್ಪಿತ್ತು. ಅವಳು ಪಕ್ಕದಲ್ಲೇ ಮಣೆ ಹಾಕಿ ಕೂರಿಸಿಕೊಂಡಳು. ಶಾಲೆಯ ಸುದ್ದಿ ಬರಲೇ ಇಲ್ಲ. ಕೊಳೆ ರೋಗ, ಎಲೆಚುಕ್ಕಿ ರೋಗ, ಈ ಸಲದ ರೇಟು, ಅವಳ ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಗಣಿತ ಕಷ್ಟ ಆಗಿರುವುದು. ಹನ್ನೊಂದು ಗಂಟೆಗೆ ಉಳಿದವರು ಎದ್ದರು. ನಾವಿಬ್ಬರು ಇನ್ನೊಂದು ಬುಟ್ಟಿ ಎಳೆದುಕೊಂಡೆವು.